ಆಯಿ ಹಾಡುವ ‘ಬಾದಾಮಿ’ ಜೋಗುಳ ಯಾವ ಸಿನಿಮಾದ್ದು?

ಗೋಳಗುಮ್ಮಟದೂರವ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಈಗ 86 ವರ್ಷ. ಮನೆಯಲ್ಲಿ ಯಾವ ಕೂಸು ಹುಟ್ಟಿದರೂ ತೊಟ್ಟಿಲ ಹತ್ತಿರ ಕೂತು ಒಂದೇ ಹಾಡು ಹೇಳುತ್ತಾಳೆ. ‘ಧೀರಿ ಧೀರಿ ಆರೇ ಬಾದಾಮಿ’ ಅಂತ ಶುರು. ನಾನು ಮಲಗಿದ್ದು ಇದೇ ಹಾಡಿಗೆ. ಈಗ ನನ್ನ ಮಗಳೂ ಇದಕ್ಕೇ ಮಲಗುತ್ತಾಳೆ. ಬಾದಾಮಿ ಬನಶಂಕರಿಯ ಹಾಡು ಅಂತ ಇಷ್ಟು ವರ್ಷ ತಿಳಿದಿದ್ದೆ. ಆದರೆ ಮುಂದಿನ ಸಾಲುಗಳು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಆಯಿಗೆ ಹಿಂದಿ ಒಂದಕ್ಷರ ಬರುವುದಿಲ್ಲ.

ಮೊನ್ನೆ ರೊಟ್ಟಿ ಬಡಿಯುವಾಗ ಅದನ್ನೇ ಗುನುಗುತ್ತಿದ್ದಳು. ತಾಳಕ್ಕೆ ಸರಿಯಾಗಿ ಕೈ ಬೀಳುತ್ತಿತ್ತು. ಕೇಳಿದೆ. “ಟಾಕಿ ಹಾಡು ಅದು, ನಮ್ಮವ್ವ ಕಲಿಸಿದ್ದು. ಹಾಡಿದಾಕಿ ನಮ್ಮ ಬೀಳಗಿಯಾಕಿ. ಮುಂಬೈಗೆ ಹೋಗಿ ದೊಡ್ಡಾಕಿ ಆದ್ಲು” ಅಂದಳು. ಇದು ನಿಜವಾ? ಬೀಳಗಿಯಿಂದ ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಮುಂಬೈ ಸಿನಿಮಾಕ್ಕೆ ಹೋದದ್ದಾದರೂ ಹೇಗೆ? ಗೊತ್ತಿದ್ದವರು ಹೇಳಿ.

ಬೀಳಗಿ ಮಾಸ್ತರ

ತಮ್ಮಾ, ಆಯಿ ಹೇಳಿದ್ದು ಪೂರ್ತಿ ನಿಜ. ಅದು ಬಾದಾಮಿ ಅಲ್ಲ, ಬಾದಲ್. ಮೋಡ. ‘ಮೋಡವೇ ಮೆಲ್ಲಗೆ ಬಾ, ನನ್ನ ಬುಲ್‌ಬುಲ್ ಮಲಗಿದೆ, ಗದ್ದಲ ಮಾಡಬೇಡ’ ಅಂತ ಅರ್ಥ. ನಿಮ್ಮ ಮುತ್ತಜ್ಜಿ ಅದನ್ನು ತೊಟ್ಟಿಲಿಗೆ ತಂದದ್ದು ಸುಮ್ನೆ ಅಲ್ಲ ನೋಡು. 1943ರ ‘ಕಿಸ್ಮತ್’ ಚಿತ್ರದ್ದು. ಬಾಂಬೆ ಟಾಕೀಸ್ ತೆಗೆದದ್ದು, ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು.

ಹಾಡಿದವರು ಅಮೀರ್‌ಬಾಯಿ ಕರ್ನಾಟಕಿ, ನಮ್ಮ ಬೀಳಗಿಯವರು. ಬೀಳಗಿ ಆಗ ನಿಮ್ಮ ಜಿಲ್ಲೆಯಲ್ಲೇ ಇತ್ತು, ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಸೋದರಿ ಗೋಹರ್‌ಬಾಯಿ ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತವರು. ಅಕ್ಕತಂಗಿಯರಿಬ್ಬರೂ ಹೆಸರಿನ ಹಿಂದೆ ‘ಕರ್ನಾಟಕಿ’ ಅಂತ ಕಟ್ಟಿಕೊಂಡೇ ಬದುಕಿದರು. ಆಗಿನ್ನೂ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ, ಅಲ್ವಾ? ಅದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತದೆ.

ಅದೇ ಚಿತ್ರದಲ್ಲಿ ಖಾನ್ ಮಸ್ತಾನಾ ಜೊತೆ ಅವರು ಹಾಡಿದ ‘ದೂರ್ ಹಟೋ’ ಕೂಡ ಕೇಳು. ಕವಿ ಪ್ರದೀಪ್ ಬರೆದದ್ದು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಯುದ್ಧದಲ್ಲಿ ಬ್ರಿಟಿಷರ ಶತ್ರುಗಳಾಗಿದ್ದ ಜರ್ಮನಿ, ಜಪಾನಿನ ಹೆಸರು ಇದ್ದುದರಿಂದ ಹಾಡು ಸೆನ್ಸಾರ್ ದಾಟಿತು. ಯಾರನ್ನು ದೂರ ಸರಿಯಿರಿ ಅನ್ನುತ್ತಿದ್ದಾರೆ ಅಂತ ಜನಕ್ಕೆ ಗೊತ್ತಿತ್ತು. ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ನೋಡಿದರಂತೆ.

ಹಳೇ ಆಪರೇಟರ್, ಬಾಗಲಕೋಟೆ

ಮಾಸ್ತರ ಒಂದೇ ಮಾತಲ್ಲಿ ರೀಲು ಸುತ್ತಿಸಿಬಿಟ್ಟರು. ಆ ಕೆಲಸ ಎಂಥದ್ದು ಅಂತ ನಾನು ಹೇಳುತ್ತೇನೆ. 26 ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಮಷಿನ್ ನಡೆಸಿದವನು. ನಮ್ಮ ಟಾಕೀಸಿದ್ದ ಓಣಿ ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು.

ಕ್ಯಾಬಿನ್ನಿನಲ್ಲಿ ಎರಡು ಮಷಿನ್. ಒಂದರಲ್ಲಿ ರೀಲು ಮುಗಿಯುತ್ತಾ ಬಂದಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮಷಿನ್ ಚಾಲು ಮಾಡಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬದಲಿಸಬೇಕು. ಅಷ್ಟರೊಳಗೆ ಮಷಿನ್ನಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ಉರಿ ಹದಕ್ಕೆ ಬಂದಿರಬೇಕು. ತುದಿಗಳ ನಡುವೆ ಅಂತರ ಜಾಸ್ತಿಯಾದರೆ ಪರದೆ ಕಪ್ಪಾಗುತ್ತದೆ, ಕೆಳಗಿನಿಂದ ಸೀಟಿ ಶುರು.

ಒಂದು ಸಲ ಒಂದು ಹಾಡಿಗೆ ಜನ ಪರದೆಗೆ ಚಿಲ್ಲರೆ ತೂರಿ ‘ಒನ್ಸ್ ಮೋರ್’ ಅಂತ ಕುರ್ಚಿ ಬಡಿದರು. ಕಂಪನಿ ನಾಟಕ ನೋಡಿ ಬೆಳೆದ ಜನ, ಅವರಿಗೆ ಅದು ಹಕ್ಕು. ಮಾಲೀಕರು ಮೇಲೆ ಬಂದು “ಹಾಕ್ರಿ ಇನ್ನೊಮ್ಮೆ” ಅಂದರು. ಮಷಿನ್ ನಿಲ್ಲಿಸಿ, ಬಿಸಿ ಇರುವಾಗಲೇ ಫಿಲ್ಮ್ ಬಿಚ್ಚಿ ಕೈಯಿಂದ ಹಿಂದಕ್ಕೆ ಸುತ್ತಿದೆ. ಫಿಲ್ಮಿನ ಅಂಚಿಗೆ ಅಲೆಯಂಥ ಬಿಳಿ ಗೆರೆ ಇರುತ್ತದೆ, ಅದೇ ಧ್ವನಿ. ಬಲ್ಬಿಗೆ ಹಿಡಿದು ನೋಡುತ್ತಾ ಬಂದೆ. ಒಂದು ಕಡೆ ಗೆರೆ ಸಣ್ಣಗಾಗಿ, ಆಮೇಲೆ ಒಮ್ಮೆಗೇ ಅಗಲ ಆಯಿತು. ಹಾಡು ಅಲ್ಲಿಂದ ಶುರು. ನಾನು ಹಾಡನ್ನು ಕಣ್ಣಿಂದ ಹುಡುಕಿದ್ದೆ. ಇವತ್ತಿಗೂ ಮರೆತಿಲ್ಲ.

ಟಿಳಕವಾಡಿಯಿಂದ, ಬೆಳಗಾವಿ

ಹೇಗೆ ಹೋದರು ಅಂತ ಕೇಳಿದಿರಲ್ಲ ಅಣ್ಣಾ. 1956ರವರೆಗೆ ನಮ್ಮ ಊರುಗಳೆಲ್ಲ ಮುಂಬೈ ಪ್ರಾಂತಕ್ಕೆ ಸೇರಿದ್ದವು. ನಮಗೆ ರಾಜಧಾನಿ ಮುಂಬೈ, ಬೆಂಗಳೂರಲ್ಲ. ನಾಟಕ ಕಂಪನಿಗಳು ಕನ್ನಡ, ಮರಾಠಿ ಎರಡೂ ಸೀಮೆಯಲ್ಲಿ ಕ್ಯಾಂಪ್ ಹಾಕುತ್ತಿದ್ದವು. ಹಾಡು ಬರುವವರಿಗೆ ಅದೇ ದಾರಿ. 1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾ ಮಾತಾಡತೊಡಗಿತು. ಹಾಡಬಲ್ಲ ನಟಿಯರಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಇನ್ನೊಂದು ಮಾತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾದದ್ದೂ ಇಲ್ಲೇ ಪಕ್ಕದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ನಮ್ಮಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ದಾರಿ. ಅದರ ಒಂದು ಪ್ರಿಂಟೂ ಉಳಿದಿಲ್ಲ. ‘ಆಲಂ ಆರಾ’ದ್ದೂ ಇಲ್ಲ. ಆ ಕಾಲದ ಫಿಲ್ಮ್ ಬೇಗ ಹಾಳಾಗುತ್ತಿತ್ತು, ಬೆಂಕಿಗೂ ಬೇಗ ತುತ್ತಾಗುತ್ತಿತ್ತು. ನಿಮ್ಮ ಆಯಿ ಹೇಳುವುದನ್ನು ದಯವಿಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿಡಿ.

ಗೋಳಗುಮ್ಮಟದೂರವ, ವಿಜಯಪುರ

ಎಲ್ಲರಿಗೂ ಶರಣು. ರಾತ್ರಿ ಆಯಿಗೆ ಮೊಬೈಲಿನಲ್ಲಿ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಅವಳ ‘ಬಾದಾಮಿ’ಯನ್ನು ನಾನು ತಿದ್ದಲಿಲ್ಲ. ಮುಗಿದ ಮೇಲೆ “ನಡುವಿನ ಸಾಲು ನಮ್ಮವ್ವ ಕಲಿಸೇ ಇಲ್ಲಲ್ಲ” ಅಂದಳು. ಈಗ ಆ ಸಾಲುಗಳನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೊಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅಕ್ಕಾ, ರೆಕಾರ್ಡ್ ಕೂಡ ಮಾಡಿದೆ. ಮಗಳು ಮೂರನೇ ಸಾಲಿಗೇ ಮಲಗಿದಳು.