ಹಾರುಬೂದಿ ಇಟ್ಟಿಗೆಯ ಮೂಲೆ ಉದುರುತ್ತಿದೆ: ಸಿಮೆಂಟ್ ಸೇರಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಣ್ಣ ಘಟಕ. ತೂಕದಲ್ಲಿ ನೂರಕ್ಕೆ ಹಾರುಬೂದಿ (ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) 60, ಕ್ವಾರಿ ಡಸ್ಟ್ (ಕಲ್ಲುಪುಡಿ) 25, ಪುಡಿ ಸುಣ್ಣ 10, ಜಿಪ್ಸಂ 5 ಹಾಕುತ್ತೇವೆ. ಪ್ರೆಸ್‌ನಿಂದ ತೆಗೆದ ಮರುದಿನ ಬಿಸಿಲಿಗಿಟ್ಟು, ನಾಲ್ಕು ದಿನ ಪೈಪಿನಲ್ಲಿ ನೀರು ಹೊಡೆಯುತ್ತೇವೆ. ಲೋಡ್ ಮಾಡುವಾಗ ಮೂಲೆ ಉದುರುತ್ತದೆ. ಕೆಲವು ಇಟ್ಟಿಗೆಗಳಲ್ಲಿ ಸಣ್ಣ ಗುಳಿ ಬೀಳುತ್ತದೆ, ಕೆಲವುದರ ಮೈಮೇಲೆ ಬಿಳಿ ಕಲೆ. ಸಿಮೆಂಟ್ ಸೇರಿಸಿದರೆ ಸರಿಹೋಗುತ್ತದೆಯೇ?

ಉತ್ತರ (ಕಟ್ಟಡ ಸಾಮಗ್ರಿ ಪರೀಕ್ಷೆಯ ಎಂಜಿನಿಯರ್): ಸಿಮೆಂಟ್ ಬೇಡ, ನಿಮ್ಮ ಅಳತೆ ಸರಿಯಾಗಿಯೇ ಇದೆ. ತಪ್ಪುತ್ತಿರುವುದು ಕ್ಯೂರಿಂಗ್‌ನಲ್ಲಿ, ಅಂದರೆ ತೇವದಲ್ಲಿಟ್ಟು ಗಟ್ಟಿಯಾಗಿಸುವುದರಲ್ಲಿ, ಜೊತೆಗೆ ಬಹುಶಃ ಸುಣ್ಣದಲ್ಲೂ.

ಬೂದಿಯಲ್ಲಿರುವ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುವುದು ಬಹಳ ನಿಧಾನ. ಅಷ್ಟೂ ದಿನ ಒಳಗೆ ತೇವ ಇರಲೇಬೇಕು. ತೇವ ಆರಿದ ಕಡೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಮೂಲೆಗೆ ಮೂರು ಮುಖ ತೆರೆದಿರುವುದರಿಂದ ಅದು ಎಲ್ಲಕ್ಕಿಂತ ಮೊದಲು ಆರುತ್ತದೆ. ಒಂದು ಇಟ್ಟಿಗೆ ಒಡೆದು ನೋಡಿ. ನಡುಭಾಗ ಗಟ್ಟಿಯಿದ್ದು ಅಂಚು ಮಾತ್ರ ಪುಡಿಯಾದರೆ ಕ್ಯೂರಿಂಗ್ ಸಾಲದು. ಒಳಗೂ ಹೊರಗೂ ಒಂದೇ ಸಮ ಪುಡಿಯಾದರೆ ಸುಣ್ಣವೋ ಬೂದಿಯೋ ಕಳಪೆ.

ಮೊದಲ ಎರಡು ದಿನ ಪ್ಯಾಲೆಟ್ ಮೇಲೆಯೇ, ನೆರಳಲ್ಲಿ, ಗಾಳಿ ಬಡಿಯದಂತೆ ಮುಚ್ಚಿಡಿ. ಆಮೇಲೆ ಅಟ್ಟಿ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಟಾರ್ಪಾಲ್ ಎಳೆಯಿರಿ. ದಿನಕ್ಕೆ ಎರಡು ಮೂರು ಸಲ ನೀರು, ಕನಿಷ್ಠ 14 ದಿನ. ಸುಣ್ಣದ ಮಿಶ್ರಣಕ್ಕೆ 21 ದಿನವಾದರೆ ಇನ್ನೂ ಒಳ್ಳೆಯದು. ಬಿಸಿಲು ಕೆಟ್ಟದ್ದಲ್ಲ, ಶಾಖಕ್ಕೆ ಕ್ರಿಯೆ ಚುರುಕಾಗುತ್ತದೆ, ಆದರೆ ಹೊದಿಕೆಯ ಮೇಲೆ ಬೀಳಲಿ, ಬರೀ ಇಟ್ಟಿಗೆಯ ಮೇಲಲ್ಲ.

ಗುಳಿಯ ತಳದಲ್ಲಿ ಬಿಳಿ ಕಾಳು ಕಾಣುತ್ತಿದೆಯೇ? ಹಾಗಿದ್ದರೆ ಅದು ಅರಳದ ಸುಣ್ಣ, ಅಂದರೆ ನೀರಿನ ಜೊತೆ ಇನ್ನೂ ಪೂರ್ತಿ ಕೂಡದ ಸುಣ್ಣ. ಇಟ್ಟಿಗೆಯೊಳಗೆ ತಡವಾಗಿ ಅರಳಿ, ಉಬ್ಬಿ, ಮೇಲಿನ ಪದರವನ್ನು ಎಬ್ಬಿಸುತ್ತದೆ. ಸುಣ್ಣದ ಪುಡಿಯನ್ನು ನೀರಿಗೆ ಹಾಕಿದಾಗ ಬಿಸಿಯಾದರೆ ಅದಿನ್ನೂ ಅರಳುವುದು ಬಾಕಿಯಿದೆ. ಹಳೆಯ ದಾಸ್ತಾನಿನದ್ದು ಉಲ್ಟಾ ತೊಂದರೆ: ಗಾಳಿ ತಾಗಿ ಕಾರ್ಬೊನೇಟ್ ಆಗಿ, ಬಂಧಿಸುವ ಶಕ್ತಿ ಕಳೆದುಕೊಂಡಿರುತ್ತದೆ. ದುರ್ಬಲ ಆಮ್ಲದ ಹನಿಗೆ ಜೋರಾಗಿ ನೊರೆ ಬಂದರೆ ಆ ಚೀಲ ಬಳಸಬೇಡಿ.

ಬಿಳಿ ಕಲೆ ನೀರಲ್ಲಿ ತೊಳೆದರೆ ಹೋಗುತ್ತದೆ ಎಂದಾದರೆ ಅದು ಕರಗುವ ಲವಣ. ನೀರನ್ನೂ ಜಿಪ್ಸಂ ಅನ್ನೂ ಪರೀಕ್ಷಿಸಿ. ಜಿಪ್ಸಂ 5ರ ಮೇಲೆ ಹೋಗಬಾರದು, ಹೆಚ್ಚಾದದ್ದು ಮುಂದೆ ಉಬ್ಬಿ ಬಿರುಕು ತರುತ್ತದೆ.

ಪ್ರಶ್ನೆ: ಒಳಗೂ ಪುಡಿಯಾಗುತ್ತಿದೆ ಸರ್. ಕೆಲವು ಸಲ ವಿದ್ಯುತ್ ಸ್ಥಾವರದ ಬೂದಿ ಕೆರೆಯಲ್ಲಿ ಶೇಖರಿಸಿದ ಒದ್ದೆ ಬೂದಿ ಬರುತ್ತದೆ, ಅದೇ ತೂಕಕ್ಕೆ ಹಾಕುತ್ತೇವೆ.

ಉತ್ತರ: ಸಿಕ್ಕಿತು ನೋಡಿ. 100 ಕೆ.ಜಿ. ಒದ್ದೆ ಬೂದಿಯಲ್ಲಿ 20 ಕೆ.ಜಿ. ನೀರಿದ್ದರೆ ನಿಮಗೆ ದಕ್ಕುವುದು 80 ಕೆ.ಜಿ. ಬೂದಿ ಮಾತ್ರ. ಮೇಲೆ ಎಂದಿನಂತೆ ನೀರು ಹಾಕಿದರೆ ಮಿಶ್ರಣ ಸಡಿಲ. ಅದಲ್ಲದೆ ಆ ಬೂದಿ ದಪ್ಪ ಕಣದ್ದು, ಸುಣ್ಣಕ್ಕೆ ಅಷ್ಟು ಬೇಗ ಸ್ಪಂದಿಸದು. ಡಸ್ಟ್‌ನ ಒಂದು ಪಾಲಿಗೆ ಬದಲಾಗಿ ಬಳಸಿ, ಒಣ ಬೂದಿಯ ಬದಲು ಬೇಡ. ಬೂದಿಯಲ್ಲಿ ಸುಡದ ಕಲ್ಲಿದ್ದಲು ಹೆಚ್ಚಿದ್ದರೂ ನೀರು ಕುಡಿದು ಬಲ ತಗ್ಗಿಸುತ್ತದೆ. ಕಾಯಿಸಿದಾಗ ಆಗುವ ತೂಕನಷ್ಟ ಶೇ. 5ರೊಳಗಿರುವ ಬೂದಿಯನ್ನೇ ಕೇಳಿ ಪಡೆಯಿರಿ.

ಪ್ಯಾನ್ ಮಿಕ್ಸರ್‌ಗೆ ಮೊದಲು ಬೂದಿ, ಸುಣ್ಣ, ಜಿಪ್ಸಂ ಹಾಕಿ ಚೆನ್ನಾಗಿ ಅರೆಯಲು ಬಿಡಿ, ನಂತರ ಡಸ್ಟ್, ಕೊನೆಗೆ ನೀರು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ನೀರು ಹತ್ತಬಾರದು, ಮುರಿದರೆ ಎರಡೇ ತುಂಡಾಗಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಡಸ್ಟ್ ಬದಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಲೋಹ ಕರಗಿಸುವಾಗ ಉಳಿಯುವ ಕಿಟ್ಟ) ಬಳಸಬಹುದೇ? ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ಕೆಲಸ) ಕೆಸರನ್ನೂ ಪುಕ್ಕಟೆ ಕೊಡುತ್ತೇವೆ ಎನ್ನುತ್ತಿದ್ದಾರೆ.

ಉತ್ತರ: ಯಾವ ಸ್ಲ್ಯಾಗ್ ಎಂದು ಮೊದಲು ಕೇಳಿ. ಬ್ಲಾಸ್ಟ್ ಫರ್ನೇಸ್‌ನ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಯ) ಮರಳಿನಂತೆ ಕಾಳಾಗಿರುವ ಗ್ರಾನ್ಯುಲೇಟೆಡ್ ಸ್ಲ್ಯಾಗ್ ಒಳ್ಳೆಯದು, ನುಣ್ಣಗೆ ಅರೆದರೆ ಬಂಧಕವೂ ಆಗುತ್ತದೆ. ಉಕ್ಕು ತಯಾರಿಸುವಾಗ ಬರುವ ಸ್ಲ್ಯಾಗ್‌ನಲ್ಲಿ ಬಿಡಿ ಸುಣ್ಣ, ಮೆಗ್ನೀಷಿಯಾ ಇರುತ್ತವೆ. ತಿಂಗಳುಗಟ್ಟಲೆ ನೀರುಣಿಸಿ ಹಣ್ಣಾಗಿಸದೆ, ಉಬ್ಬುವಿಕೆಯ ಪರೀಕ್ಷೆ ಮಾಡಿಸದೆ ಹಾಕಿದರೆ ಗೋಡೆ ಕಟ್ಟಿದ ಮೇಲೆ ಇಟ್ಟಿಗೆ ಸೀಳುತ್ತದೆ.

ಪ್ಲೇಟಿಂಗ್ ಕೆಸರನ್ನು ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ಇಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ಲೋಹ ನೀರಿಗೆ ಬಿಡುವುದಿಲ್ಲ ಎಂದು ಅರ್ಥವಲ್ಲ. ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ವಿಲೇವಾರಿ ಘಟಕಕ್ಕೇ ಹೋಗಬೇಕು.