ಗುಡ್ಡದ ಓರೆಯ ತೋಟಕ್ಕೆ ಹಳೆ ಮಿನಿ ಟ್ರ್ಯಾಕ್ಟರ್ ಆಗುತ್ತಾ?

ಕೇಳಿದವರು, ಹೊಳಲ್ಕೆರೆ ತಾಲ್ಲೂಕು:
ನಮ್ಮ ತೋಟ ಗುಡ್ಡದ ಬುಡದಲ್ಲಿದೆ. ಕೆಳಗಡೆ ಅಡಿಕೆ, ಮೇಲಕ್ಕೆ ಮಾವು. ಮೇಲೆ ಹೋದಂತೆ ಓರೆ ಜಾಸ್ತಿ, ಕಲ್ಲೂ ಇದೆ. ಮಳೆ ಹಿಡಿದರೆ ಹುಲ್ಲು ಸೊಂಟದೆತ್ತರ ಬರುತ್ತದೆ, ಆಳು ಸಿಗುವುದಿಲ್ಲ. ಪರಿಚಯದವರೊಬ್ಬರು 18.5 ಎಚ್‌ಪಿಯ ಹಳೆ ಮಿನಿ ಟ್ರ್ಯಾಕ್ಟರ್ ಕೊಡ್ತೀನಿ ಅಂದಿದ್ದಾರೆ, ಜೊತೆಗೆ ಮಣ್ಣು ಪುಡಿ ಮಾಡುವ ರೋಟವೇಟರ್. ಟೂ ವೀಲ್ ಡ್ರೈವ್, ಅಂದರೆ ಎಂಜಿನ್ ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಓಡಿಸಿದವರು ಹೇಳಿ, ತಗೊಳ್ಳಲಾ ಬೇಡವಾ?

ಚನ್ನಗಿರಿ ಕಡೆಯಿಂದ:
ಅಣ್ಣ, ಗಾಡಿ ಎಷ್ಟು ಹಳೆಯದು ಅನ್ನೋದು ಆಮೇಲೆ. ಮೊದಲು ಓರೆ ಅಳೆಯಿರಿ. ಕಣ್ಣಳತೆ ನಂಬಬೇಡಿ, ಕೆಳಗೆ ನಿಂತು ನೋಡಿದರೆ ಒಂಥರ, ಮೇಲೆ ನಿಂತು ನೋಡಿದರೆ ಇನ್ನೊಂಥರ. 10 ಅಡಿಯ ನೆಟ್ಟನೆಯ ಪೈಪು ತಗೊಂಡು ಒಂದು ತುದಿ ಮೇಲ್ಗಡೆ ನೆಲಕ್ಕೆ ತಾಗಿಸಿ, ಗಾರೆಯವರ ರಸಮಟ್ಟ ಇಟ್ಟು ಮಟ್ಟ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ. 2 ಅಡಿ 8 ಇಂಚು ಬಂದರೆ ಸುಮಾರು 15 ಡಿಗ್ರಿ. ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಗಳಿಗೆ ಕಂಪನಿಯವರು ಸಾಮಾನ್ಯವಾಗಿ ಇದನ್ನೇ ಕೊನೆಯ ಮಿತಿ ಅಂತ ಕೊಡುತ್ತಾರೆ. ಮಿನಿ ಟ್ರ್ಯಾಕ್ಟರಿಗೂ ನಾನು ಇದನ್ನು ದಾಟಿಸುವುದಿಲ್ಲ. ಕಲ್ಲಿರುವ ಕಡೆ ಇನ್ನೂ ಕಡಿಮೆಗೇ ನಿಲ್ಲಿಸುತ್ತೇನೆ, ಯಾಕೆಂದರೆ ಮೇಲಿನ ಚಕ್ರ ಕಲ್ಲು ಹತ್ತಿ ಕೆಳಗಿನ ಚಕ್ರ ಗುಂಡಿಗೆ ಇಳಿದರೆ ಓರೆ ಆ ಕ್ಷಣಕ್ಕೆ ಎಷ್ಟೋ ಹೆಚ್ಚಾಗುತ್ತದೆ. ಮಿನಿ ಟ್ರ್ಯಾಕ್ಟರ್ ಅಗಲ ಕಡಿಮೆ, ಸಾಲಿನ ಮಧ್ಯೆ ನುಗ್ಗಲು ಅದೇ ಅನುಕೂಲ, ಓರೆಯಲ್ಲಿ ಅಡ್ಡ ಹೋದಾಗ ಅದೇ ಅಪಾಯ. ಸಾಕಷ್ಟು ಮಾಡೆಲ್‌ಗಳಲ್ಲಿ ಹಿಂದಿನ ರಿಮ್ ತಿರುಗಿಸಿ ಹಾಕಿ ಅಗಲ ಮಾಡಬಹುದು, ಕೇಳಿ ನೋಡಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಗಾಡಿ ಮಗುಚಬಾರದು ಅಂದರೆ ಮೇಲೆ ಕೆಳಗೆ ನೆಟ್ಟಗೆ ಓಡಿಸಬೇಕು. ಮಣ್ಣು ಉಳಿಯಬೇಕು ಅಂದರೆ ಓರೆಗೆ ಅಡ್ಡ ಉಳಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಮೇಲಿಂದ ಕೆಳಕ್ಕೆ ರೋಟವೇಟರ್ ಹೊಡೆದರೆ ಒಂದು ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಹಾಗಾಗಿ ಮಾವಿನ ಭಾಗವನ್ನು ಉಳಲೇಬೇಡಿ. ಹುಲ್ಲು ಕತ್ತರಿಸಿ ಅಲ್ಲೇ ಬಿಡಿ, ಬೇರು ಮಣ್ಣು ಹಿಡಿದುಕೊಂಡಿರಲಿ.

ಹೊಸದುರ್ಗದಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಬ್ರೇಕಿನ ವಿಷಯ ಹೇಳುತ್ತೇನೆ. ಈ ಗಾಡಿಗಳಿಗೆ ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ಹೋಗಿ ಹಿಂದೆ ಹಗುರಾಗುತ್ತದೆ, ಒದ್ದೆ ಹುಲ್ಲಿನ ಮೇಲೆ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಮಾತ್ರ ಜಾರುತ್ತಲೇ ಇರುತ್ತದೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರವೂ ಎಂಜಿನ್ ಹಿಡಿತದಲ್ಲಿರುತ್ತದೆ, ಅದೂ ತಡೆಯುತ್ತದೆ. ಹತ್ತೋದಕ್ಕಲ್ಲ, ಇಳಿಯೋದಕ್ಕೇ ಫೋರ್ ವೀಲ್ ಬೇಕು ಅನ್ನೋದು ನನ್ನ ಅಭಿಪ್ರಾಯ.

ಎಡ ಬಲ ಬ್ರೇಕ್ ಪೆಡಲ್ ಬೇರೆ ಬೇರೆ ಇರುತ್ತವೆ ಅಲ್ವಾ, ಓರೆಯಲ್ಲಿ ಎರಡನ್ನೂ ಚಿಲಕ ಹಾಕಿ ಜೋಡಿಸಿಯೇ ಓಡಿಸಬೇಕು. ಹಳೆ ಗಾಡಿಯಲ್ಲಿ ಸಾಲಿನ ತುದಿಗೆ ಒಂದೇ ಕಡೆ ಬ್ರೇಕು ಒತ್ತಿ ತಿರುಗಿಸಿ ಒಂದು ಬದಿ ಜಾಸ್ತಿ ಸವೆದಿರುತ್ತದೆ. ಆಗ ಎರಡನ್ನೂ ಒತ್ತಿದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸಮ ನೆಲದಲ್ಲಿ ಇದು ಸಣ್ಣ ತೊಂದರೆ, ಇಳಿಜಾರಲ್ಲಿ ಗಾಡಿ ಅಡ್ಡ ತಿರುಗಿದರೆ ಮಗುಚುತ್ತದೆ. ಟ್ರಯಲ್ ನೋಡುವಾಗ ಸಣ್ಣ ಏರಿನ ಮಧ್ಯೆ ನಿಲ್ಲಿಸಿ, ಚಕ್ರದಿಂದ ಒಂದು ಗೇಣು ಬಿಟ್ಟು ಕಲ್ಲು ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ ನ್ಯೂಟ್ರಲ್ ಮಾಡಿ. ನಿಲ್ಲಬೇಕು. ಆಮೇಲೆ ಅಲ್ಲಿಂದಲೇ ಫಸ್ಟ್ ಗೇರಲ್ಲಿ ಎತ್ತಿ, ಕ್ಲಚ್ ಸುಟ್ಟ ವಾಸನೆ ಬರಬಾರದು. ಆಯಿಲ್ ಮಟ್ಟ ಸರಿಯಿದ್ದೂ ಏರಿನಲ್ಲಿ ಆಯಿಲ್ ದೀಪ ಹತ್ತಿದರೆ ಆ ಗಾಡಿ ಬಿಟ್ಟುಬಿಡಿ. ಇಳಿಯುವ ಮೊದಲೇ ಗೇರ್ ಕಡಿಮೆ ಮಾಡಿಕೊಳ್ಳಿ, ಮಧ್ಯದಲ್ಲಿ ಕ್ಲಚ್ ಒತ್ತಲೇಬಾರದು.

ಮಾಯಕೊಂಡದಿಂದ:
ಟ್ರ್ಯಾಕ್ಟರ್ ಯಾಕೆ ಸರ್, ಹಿಂದೆ ನಡೆದು ಓಡಿಸುವ ಪವರ್ ಟಿಲ್ಲರ್ ಸಾಕಲ್ವಾ?

ಹೊಸದುರ್ಗದಿಂದ:
ಓರೆಗೆ ಟಿಲ್ಲರ್ ಅಭ್ಯಾಸ ಇದ್ದವರಿಗೆ ಮಾತ್ರ. ಇಳಿಯುವಾಗ ಅದರ ಸ್ಟೀರಿಂಗ್ ಕ್ಲಚ್ ಉಲ್ಟಾ ಕೆಲಸ ಮಾಡುತ್ತದೆ. ಎಡಗಡೆ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ ಹಿಡಿತ ತಪ್ಪಿ ಅದೇ ಜೋರಾಗಿ ಉರುಳುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಹೊಸ ಆಳಿನ ಕೈಗೆ ಕೊಡಬೇಡಿ.

ಕೇಳಿದವರು:
ಅಳೆದೆ. ಅಡಿಕೆ ಭಾಗದಲ್ಲಿ 10 ಅಡಿಗೆ ಒಂದು ಅಡಿಯೂ ಇಲ್ಲ. ಮಾವಿನ ಮೇಲ್ಭಾಗದಲ್ಲಿ ಮೂರೂವರೆ ಅಡಿ ಹತ್ತಿರ ಬಂತು.

ಚನ್ನಗಿರಿ ಕಡೆಯಿಂದ:
ಮೂರೂವರೆ ಅಂದರೆ 19 ಡಿಗ್ರಿ ಆಯಿತು. ಅಲ್ಲಿಗೆ ಟ್ರ್ಯಾಕ್ಟರ್ ಹತ್ತಿಸಬೇಡಿ ಅಣ್ಣ, ಟೂ ವೀಲೂ ಬೇಡ, ಫೋರ್ ವೀಲೂ ಬೇಡ. ಹೆಗಲಿಗೆ ಹಾಕುವ ಬ್ರಷ್ ಕಟರ್ ತಗೊಳ್ಳಿ. ಕೆಳಗಿನ ಅಡಿಕೆಗೆ ಈ ಗಾಡಿ ಸಾಕು, ಬ್ರೇಕು ಚೆನ್ನಾಗಿದ್ದರೆ. ಆದರೆ ಅಷ್ಟು ಜಾಗಕ್ಕೆ ಸ್ವಂತ ಗಾಡಿ ಬೇಕಾ ಅಂತಲೂ ಲೆಕ್ಕ ಹಾಕಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ಟ್ರ್ಯಾಕ್ಟರ್ ಇದ್ದರೆ ಒಂದು ಸಲ ಬಾಡಿಗೆಗೆ ತಂದು ನಿಮ್ಮ ಸಾಲಿನಲ್ಲೇ ಓಡಿಸಿ ನೋಡಿ. ತಿರುಗಲು ಜಾಗ ಸಾಲುತ್ತಾ, ಗರಿ ತಾಗುತ್ತಾ ಎಲ್ಲ ಗೊತ್ತಾಗುತ್ತದೆ.

ಚಿತ್ರದುರ್ಗದಿಂದ:
ತಗೊಳ್ಳುವುದಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ. ಇದ್ದರೆ ಮಾಲೀಕರು ಸಾಲ ತೀರಿಸಿ ಬ್ಯಾಂಕಿನಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ತರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾಯಿಸಲು ಫಾರಂ 29, 30. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೇ ಓದಿ ಆರ್‌ಸಿಗೆ ತಾಳೆ ನೋಡಿ, ಮಸಿ ಹಿಡಿದಿದ್ದರೆ ಡೀಸೆಲ್ ಹಾಕಿ ಒರೆಸಿದರೆ ಕಾಣುತ್ತದೆ.