ಹಳೇ ಕಿಟಕಿಯ ಕೀಲು ಬಿಚ್ಚೋಕೆ ಆಗ್ತಿಲ್ಲ, ಸ್ಕ್ರೂ ತಲೆ ಸವೆದು ಹೋಗ್ತಿದೆ

ತುಂಗಾತೀರ: ಎರಡು ದಿನದಿಂದ ಒಂದೇ ಕಿಟಕಿ ಮುಂದೆ ಕೂತಿದ್ದೇನೆ. ತೀರ್ಥಹಳ್ಳಿ ಹತ್ತಿರ ಅಜ್ಜನ ಮನೆ, ರಿಪೇರಿ ನಡೀತಿದೆ. ಕಿಟಕಿ ಬಾಗಿಲು ಬಿಚ್ಚಿ ಪಾಲಿಶ್ ಮಾಡಿಸಬೇಕು, ಹಳೇ ಕೀಲು, ಚಿಲಕಗಳನ್ನೇ ಮತ್ತೆ ಹಾಕಬೇಕು. ಸ್ಕ್ರೂ ಒಂದೂ ಅಲ್ಲಾಡುತ್ತಿಲ್ಲ. ಡ್ರೈವರ್ ಜಾರಿ ಜಾರಿ ಅಂಗೈಯಲ್ಲಿ ಬೊಬ್ಬೆ ಬಂದಿದೆ. ಏನು ಮಾಡಲಿ?

ಹುಬ್ಳಿ ಮೆಕ್ಯಾನಿಕ್: ತುಕ್ಕು ರೀ, ಬೇರೇನಲ್ಲ. ತುಕ್ಕು ಬಿಡಿಸೋ ಸ್ಪ್ರೇ ಎಣ್ಣೆ ಡಬ್ಲ್ಯೂಡಿ-40 ಹೊಡೆದು ರಾತ್ರಿಯೆಲ್ಲ ಬಿಡಿ. ಬಿಜಾಗರಿ ತಾನೇ ಸಡಿಲ ಆಗ್ತದೆ.

ತುಂಗಾತೀರ: ನಿನ್ನೆಯೇ ಹೊಡೆದೆ ಸರ್. ಮರ ಎಣ್ಣೆ ಕುಡಿಯಿತು, ಸ್ಕ್ರೂ ಹಾಗೇ ಇದೆ.

ಹುಬ್ಳಿ ಮೆಕ್ಯಾನಿಕ್: ಹಂಗಾದ್ರೆ ಸಾಲಿಲ್ಲ. ಅರಿವೆ ಸೀಮೆಎಣ್ಣೆಯಲ್ಲಿ ಅದ್ದಿ ಮೂರು ದಿನ ಒತ್ತಿಡಿ. ಟ್ರ್ಯಾಕ್ಟರ್ ನಟ್ಟು ನಾನು ಹಂಗೇ ಬಿಚ್ಚೋದು.

ಬಾಚಿ-ಉಳಿ: ಅಣ್ಣಾ, ಮರಕ್ಕೆ ಅಷ್ಟು ಎಣ್ಣೆ ಕುಡಿಸಿದ್ರೆ ಆಮೇಲೆ ಪಾಲಿಶ್ ಹಿಡಿಯಲ್ಲ. ಟ್ರ್ಯಾಕ್ಟರ್ ಬೇರೆ, ಕಿಟಕಿ ಬೇರೆ.

ಕೆಂಗೇರಿ ಮನೆ: ಇಷ್ಟು ಕಷ್ಟ ಯಾಕೆ? ಯುಪಿವಿಸಿ ಹಾಕಿಸಿ. ನಮ್ಮ 8 ಕಿಟಕಿಗೂ ಸ್ಲೈಡಿಂಗ್, ಸೊಳ್ಳೆ ಪರದೆ ಜೊತೆಗೇ ಬಂತು. ಮಳೆಗಾಲದಲ್ಲಿ ಉಬ್ಬಿಕೊಳ್ಳುವ ತಲೆನೋವೇ ಇಲ್ಲ.

ಬಾಚಿ-ಉಳಿ: ಮೇಡಂ, ಹಳೇ ಹೊನ್ನೆ ಮರ ಕಿತ್ತು ಪ್ಲಾಸ್ಟಿಕ್ಕಾ? ಆ ಕಾಲದ ಕಿಟಕಿಗೆ ಸರಳು ಚೌಕಟ್ಟಿನೊಳಗೇ ಪೋಣಿಸಿರ್ತಾರೆ. ಚೌಕಟ್ಟು ಗೋಡೆಯೊಳಗೆ ಹೂತಿರುತ್ತೆ. ಕೀಳೋಕೆ ಹೋದ್ರೆ ಗೋಡೆಯೇ ಒಡೆಯಬೇಕು.

ಕೆಂಗೇರಿ ಮನೆ: ಹೊನ್ನೆ ಅಂತ ಅವರು ಎಲ್ಲೂ ಹೇಳಲಿಲ್ವಲ್ಲ?

ಹುಬ್ಳಿ ಮೆಕ್ಯಾನಿಕ್: ಮರ ಯಾವುದಾದ್ರೂ ಇರಲಿ. ನನ್ನ ಹತ್ರ ಸುತ್ತಿಗೆಯಿಂದ ಬಡಿದು ತಿರುಗಿಸೋ ಇಂಪ್ಯಾಕ್ಟ್ ಡ್ರೈವರ್ ಇದೆ, 12 ಬಿಟ್ಟಿನ ಸೆಟ್ಟು. ನಾಲ್ಕು ಏಟಿಗೆ ಎಂಥಾ ತುಕ್ಕೂ ಬಿಡ್ತದೆ.

ಮೈಸೂರು ಮರಗೆಲಸ: ಸ್ವಲ್ಪ ತಡೀರಿ. ಸ್ಕ್ರೂ ಕಬ್ಬಿಣದ್ದಾ, ಹಿತ್ತಾಳೆಯದ್ದಾ? ಮ್ಯಾಗ್ನೆಟ್ ಹಿಡಿದು ನೋಡಿದ್ರಾ? ಮೇಲೆ ಬಣ್ಣ ಬಳಿದಿದ್ದಾರಾ?

ತುಂಗಾತೀರ: ಅದನ್ನು ಹೇಳಲೇ ಇಲ್ಲ ಅಲ್ವಾ, ಕ್ಷಮಿಸಿ. ಕೀಲು ಹಿತ್ತಾಳೆಯದು. ಬಣ್ಣ ಬೇಕಾದಷ್ಟಿದೆ. ಮೇಲೆ ಕಂದು, ಅದರಡಿ ಹಸಿರು, ಅದಕ್ಕೂ ಕೆಳಗೆ ತಿಳಿ ನೀಲಿ. ಉಗುರಿನಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಮ್ಯಾಗ್ನೆಟ್ ಈಗ ಹಿಡಿದೆ. 12ರಲ್ಲಿ 11ಕ್ಕೆ ಅಂಟಲಿಲ್ಲ. ಕೆಳಗಿನ ಮೂಲೆಯದಕ್ಕೆ ಮಾತ್ರ ಅಂಟಿತು.

ಮೈಸೂರು ಮರಗೆಲಸ: ಹಿತ್ತಾಳೆಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ. ಹಿಡಿದಿಟ್ಟಿರೋದು ಬಣ್ಣ. ತಲೆಯ ಸೀಳು ತುಂಬಿಹೋಗಿದೆ, ಅದಕ್ಕೇ ಡ್ರೈವರ್ ಕೂರುತ್ತಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸೀಳನ್ನು ಕೆರೆಯಿರಿ, ಒಳಗೆ ಹಳದಿ ಹೊಳಪು ಕಾಣಬೇಕು. ಕೀಲಿನ ಅಂಚಿನುದ್ದಕ್ಕೂ ಬಣ್ಣದ ಮೇಲೆ ಗೆರೆ ಕೊಯ್ಯಿರಿ. ತಲೆ ಮೇಲಿನ ಬಣ್ಣ ಪೂರ್ತಿ ತೆಗೆದ ಮೇಲಷ್ಟೇ ಕಾದ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕೋ ಕಡ್ಡಿ) ಒಂದೆರಡು ನಿಮಿಷ ಒತ್ತಿಡಿ, ಆರಲು ಬಿಡಿ. ಸೀಳಿನ ಪೂರ್ತಿ ಉದ್ದಕ್ಕೆ ಕೂರುವ ಡ್ರೈವರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಬಡಿಯೋದು ಬೇಡ. ಹಿತ್ತಾಳೆ ಮೆತ್ತಗೆ, ತಲೆ ತುಂಡಾಗುತ್ತೆ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಅಷ್ಟು ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸುಮ್ನೆ ಒಣ ಉಪ್ಪುಕಾಗದ ಹಾಕಿ ಉಜ್ಜಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಹುಬ್ಳಿ ಮೆಕ್ಯಾನಿಕ್: ಹಿತ್ತಾಳೆ ಅಂತ ಮೊದಲೇ ಹೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆ ಕಬ್ಬಿಣದ ಒಂದಕ್ಕೆ ಸೀಮೆಎಣ್ಣೆ ಹಾಕ್ರಿ, ಅದು ತುಕ್ಕೇ.

ತುಂಗಾತೀರ: 10 ಬಂದವು! ಮೊದಲನೆಯದು ಟಕ್ ಅಂತ ಸದ್ದು ಮಾಡಿ ಸಡಿಲ ಆಯ್ತು, ಮನೆಯವರೆಲ್ಲ ಓಡಿ ಬಂದರು. ಕಬ್ಬಿಣದ್ದು ಇನ್ನೂ ಸೀಮೆಎಣ್ಣೆ ಬಟ್ಟೆಯಡಿ ಇದೆ. ಆದರೆ ಹಿತ್ತಾಳೆಯದೊಂದು ತಲೆ ಮುರೀತು, ಉಳಿದ ತುಂಡು ಮರದೊಳಗೇ ಇದೆ. ಕೀಲು ಅದೇ ತೂತಿಗೆ ಕೂರಬೇಕು. ಹೊರಗೆ ತೆಗೆಯೋದು ಹೇಗೆ?

ಬಾಚಿ-ಉಳಿ: ಮರದ ಮಟ್ಟಕ್ಕಿಂತ ಎಷ್ಟು ಒಳಗಿದೆ? ಹತ್ತಿರದಿಂದ ಒಂದು ಫೋಟೋ ಹಾಕಿ. ಹಾಗೇ ಮರ ಯಾವುದು ಅಂತಲೂ ಹೇಳಿ.